ಆ್ಯಪ್‌ನಲ್ಲಿ ಬರೆದದ್ದನ್ನು ಓದುವವರು ಯಾರು?

ಮನೋಚಿಕಿತ್ಸೆಯಲ್ಲಿ ಕೊಡುವ ಹೋಮ್‌ವರ್ಕನ್ನು, ಅಂದರೆ ಎರಡು ಸೆಷನ್‌ಗಳ ನಡುವೆ ಮನೆಯಲ್ಲಿ ಬರೆಯಬೇಕಾದ ಡೈರಿ, ಮಾಡಬೇಕಾದ ಅಭ್ಯಾಸಗಳನ್ನು, ಈಗ ಮೊಬೈಲ್ ಆ್ಯಪ್‌ನಲ್ಲೂ ಮಾಡಿಸುವುದುಂಟು. ಅದನ್ನು ಜನ ನಿಜಕ್ಕೂ ಎಷ್ಟು ಮಾಡುತ್ತಾರೆ ಎಂಬ ಅನುಮಾನ ಮಾತ್ರ ಚಿಕಿತ್ಸಕರಿಗೆ ಹಳೆಯದು. ಅದಕ್ಕೆ ಅಂಕಿಯ ಪುರಾವೆ ಸಿಕ್ಕಿದ್ದು 2002ರಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಯೋಗದಿಂದ, ಅದೂ ಮನೋರೋಗಿಗಳ ಮೇಲಲ್ಲ, ದೀರ್ಘಕಾಲದ ನೋವಿನಿಂದ ಬಳಲುತ್ತಿದ್ದವರ ಮೇಲೆ ನಡೆದದ್ದು. 80 ಜನರಲ್ಲಿ ಅರ್ಧದಷ್ಟು ಮಂದಿಗೆ ಕಾಗದದ ಡೈರಿ, ಉಳಿದವರಿಗೆ ಕೈಯಲ್ಲಿ ಹಿಡಿಯುವಂಥ ಎಲೆಕ್ಟ್ರಾನಿಕ್ ಡೈರಿ. ದಿನಕ್ಕೆ ಮೂರು ಹೊತ್ತು, ಗೊತ್ತುಮಾಡಿದ ಸಮಯಕ್ಕೆ ನೋವಿನ ಲೆಕ್ಕ ಬರೆಯಬೇಕು. ಕಾಗದದ ಡೈರಿಯ ರಟ್ಟಿನೊಳಗೆ ಬೆಳಕು ಬಿದ್ದರೆ ಗುರುತಿಸುವ ಸೆನ್ಸರ್ ಇತ್ತು. ಡೈರಿ ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತಿತ್ತು. ಹಾಳೆಗಳ ಪ್ರಕಾರ ಶೇ 90ರಷ್ಟು ನಮೂದುಗಳು ಹೊತ್ತಿಗೆ ಸರಿಯಾಗಿ ಆಗಿದ್ದವು. ಸೆನ್ಸರ್ ಪ್ರಕಾರ ಶೇ 11. ಎಲೆಕ್ಟ್ರಾನಿಕ್ ಡೈರಿಯವರದ್ದು ಶೇ 94.

ಏಳು ದಿನದ ಲೆಕ್ಕವನ್ನು ಕ್ಲಿನಿಕ್ ಹೊರಗಿನ ಬೆಂಚಿನ ಮೇಲೆ ಕೂತು, ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿಗೆ ಬರೆದ ಹಾಳೆಯನ್ನು ಅನುಭವಿ ಚಿಕಿತ್ಸಕರು ದೂರದಿಂದಲೇ ಗುರುತಿಸುತ್ತಾರೆ. ಅಕ್ಷರದ ಓಟ ಒಂದೇ, ಶಾಯಿಯೂ ಒಂದೇ, ಸೋಮವಾರದಿಂದ ಭಾನುವಾರದವರೆಗೆ ಒಂದೇ ಬಗೆಯ 'ಪರವಾಗಿಲ್ಲ'. ಹಾಗಾಗಿ ಕಿಸೆಯಲ್ಲೇ ಇರುವ, ಬರೆದ ಹೊತ್ತನ್ನು ತಾನಾಗಿಯೇ ಗುರುತಿಟ್ಟುಕೊಳ್ಳುವ ಮೊಬೈಲ್ ಬಂದಾಗ ಚಿಕಿತ್ಸಕರು ಅದನ್ನು ಕಂಡು ಹೆದರಿದರು ಎನ್ನುವುದು ಪೂರ್ತಿ ನಿಜವಲ್ಲ. ವಾರಕ್ಕೆ 168 ಗಂಟೆ. ಸೆಷನ್ ನಡೆಯುವುದು ಮುಕ್ಕಾಲು ಗಂಟೆ, ಹೆಚ್ಚೆಂದರೆ 50 ನಿಮಿಷ. ಉಳಿದ 167 ಗಂಟೆಯಲ್ಲಿ ಏನಾಗುತ್ತದೆ ಎಂದು ತಿಳಿಯಲು ಅವರಿಗಿದ್ದದ್ದು ರೋಗಿಯ ನೆನಪು ಮತ್ತು ಆ ಬೆಂಚಿನ ಮೇಲಿನ ಹಾಳೆ. ಅದಕ್ಕಿಂತ ಒಳ್ಳೆಯದು ಸಿಕ್ಕರೆ ಬೇಡವೆನ್ನುವವರು ಕಡಿಮೆ.

ಆದರೂ ಕ್ಲಿನಿಕ್‌ಗಳಲ್ಲಿ ಆ್ಯಪ್ ಬಳಕೆ ಮಂದಗತಿಯಲ್ಲೇ ಇದೆ. ಕಾರಣ ಕೇಳಿದರೆ 'ಮನುಷ್ಯ ಸಂಬಂಧದ ಜಾಗವನ್ನು ಯಂತ್ರ ತುಂಬಲಾರದು' ಎಂಬ ಮಾತು ಮೊದಲು ಬರುತ್ತದೆ. ಸ್ವಲ್ಪ ಹೊತ್ತು ಕೂತು ಮಾತಾಡಿದರೆ ಬೇರೆಯದೇ ಪ್ರಶ್ನೆಗಳು ಹೊರಬೀಳುತ್ತವೆ. ರೋಗಿ ಬರೆದದ್ದನ್ನು ನಾನು ಯಾವಾಗ ಓದಲಿ? ಓದದೆ ಬಿಟ್ಟದ್ದರಲ್ಲಿ ಅಪಾಯದ ಮಾತಿದ್ದರೆ ಹೊಣೆ ಯಾರದು? ಓದುವ ಸಮಯಕ್ಕೆ ಯಾರು ದುಡ್ಡು ಕೊಡುತ್ತಾರೆ? ಈ ಮೂರಕ್ಕೆ ಉತ್ತರ ಇರುವ ಕಡೆ ಆ್ಯಪ್ ಬೇರೂರಿದೆ. ಇಲ್ಲದ ಕಡೆ ಎರಡೇ ವಾರದಲ್ಲಿ ಫೋನಿನ ಮೂಲೆ ಸೇರಿದೆ.

ನಿದ್ರೆಯ ಡೈರಿ: ಎಲ್ಲರೂ ಒಪ್ಪುವ ಜಾಗ

ಚಿಕಿತ್ಸಕರು ಹೆಚ್ಚು ತಕರಾರಿಲ್ಲದೆ ಒಪ್ಪುವ ಬಳಕೆ ನಿದ್ರಾಹೀನತೆಯದ್ದು. ಇದಕ್ಕಿರುವ ವರ್ತನಾ ಚಿಕಿತ್ಸೆ ಸಿಬಿಟಿ-ಐ. ಅದು ಲೆಕ್ಕದ ಮೇಲೆ ನಿಂತಿದೆ, ಲೆಕ್ಕ ಮಾಡುವುದು ಫೋನಿಗೆ ಸಲೀಸು. ಅಮೆರಿಕದ ಮಾಜಿ ಸೈನಿಕರ ಇಲಾಖೆ 2013ರಲ್ಲಿ ಬಿಡುಗಡೆ ಮಾಡಿದ 'ಸಿಬಿಟಿ-ಐ ಕೋಚ್' ಎಂಬ ಉಚಿತ ಆ್ಯಪ್ ಚಿಕಿತ್ಸಕರ ಜೊತೆಯಲ್ಲಿ ಬಳಸಲೆಂದೇ ಕಟ್ಟಿದ್ದು.

ಕೆಲಸ ಹೇಗೆ ನಡೆಯುತ್ತದೆ ನೋಡಿ. ಒಬ್ಬರು ರಾತ್ರಿ 10.30ಕ್ಕೆ ಹಾಸಿಗೆಗೆ ಹೋಗಿ ಬೆಳಿಗ್ಗೆ 6.30ಕ್ಕೆ ಏಳುತ್ತಾರೆ ಎಂದಿಟ್ಟುಕೊಳ್ಳಿ. ಹಾಸಿಗೆಯಲ್ಲಿ ಕಳೆದದ್ದು 480 ನಿಮಿಷ. ವಾರದ ಸರಾಸರಿ ನಿದ್ರೆ ಐದೂವರೆ ಗಂಟೆ, ಅಂದರೆ 330 ನಿಮಿಷ. 330ನ್ನು 480ರಿಂದ ಭಾಗಿಸಿದರೆ ಶೇ 69. ಇದೇ ನಿದ್ರೆಯ ದಕ್ಷತೆ. ಚಿಕಿತ್ಸಕರು ಆಗ ಹಾಸಿಗೆಯ ಸಮಯವನ್ನೇ ಐದೂವರೆ ಗಂಟೆಗೆ ಇಳಿಸುತ್ತಾರೆ: ಏಳುವುದು ದಿನವೂ 6ಕ್ಕೆ, ಮಲಗುವುದು 12.30ಕ್ಕೆ. ಸಾಮಾನ್ಯವಾಗಿ ಐದು ಗಂಟೆಗಿಂತ ಕೆಳಗೆ ಇಳಿಸುವುದಿಲ್ಲ. ಮುಂದಿನ ವಾರ 330 ನಿಮಿಷದಲ್ಲಿ 300 ನಿಮಿಷ ನಿದ್ರೆ ಬಂದಿದ್ದರೆ ದಕ್ಷತೆ ಶೇ 91. ಶೇ 90 ದಾಟಿದ್ದರಿಂದ ಮಲಗುವ ಸಮಯ 15 ನಿಮಿಷ ಹಿಂದಕ್ಕೆ, 12.15ಕ್ಕೆ ಬರುತ್ತದೆ. 85ರಿಂದ 90ರ ನಡುವೆ ಇದ್ದರೆ ಇದ್ದದ್ದೇ ಮುಂದುವರಿಯುತ್ತದೆ. 85ಕ್ಕಿಂತ ಕಡಿಮೆಯಾದರೆ ಇನ್ನಷ್ಟು ಬಿಗಿ. ಹೀಗೆ ವಾರವಾರ ಕಾಲು ಕಾಲು ಗಂಟೆ.

ಕಾಗದದಲ್ಲಿ ಈ ಲೆಕ್ಕ ಮಾಡಲು ಸೆಷನ್‌ನ ಹತ್ತು ಹದಿನೈದು ನಿಮಿಷ ಹೋಗುತ್ತದೆ. ಆ್ಯಪ್‌ನಲ್ಲಾದರೆ ಅಂಕಿ ಸಿದ್ಧವಾಗಿರುತ್ತದೆ, 'ಬುಧವಾರ ರಾತ್ರಿ ಏನಾಯಿತು?' ಎಂಬಲ್ಲಿಂದಲೇ ಮಾತು ಶುರು ಮಾಡಬಹುದು. ಚಿಕಿತ್ಸಕರು ಮೆಚ್ಚುವುದು ಈ ಉಳಿತಾಯವನ್ನು.

ಕೆಡುವುದೂ ಇಲ್ಲೇ. ಮೊದಲ ತಪ್ಪು, ಡೈರಿಯನ್ನು ರಾತ್ರಿಯೇ ತುಂಬುವುದು. 'ಈಗ ಎಷ್ಟು ಗಂಟೆ, ಎಷ್ಟು ಹೊತ್ತಿನಿಂದ ಎಚ್ಚರ ಇದ್ದೇನೆ' ಎಂದು ಫೋನ್ ನೋಡಿದವರಿಗೆ ಇದ್ದ ನಿದ್ರೆಯೂ ಹಾರಿಹೋಗುತ್ತದೆ. ಡೈರಿಯನ್ನು ಎದ್ದ ಅರ್ಧ ಗಂಟೆಯೊಳಗೆ, ಅಂದಾಜಿನ ಮೇಲೆ ತುಂಬಬೇಕು; ನಿಮಿಷದ ನಿಖರತೆ ಯಾರಿಗೂ ಬೇಕಿಲ್ಲ. ಎರಡನೆಯದು ಇನ್ನೂ ತಮಾಷೆಯದು: ಹಾಸಿಗೆ ಇರುವುದು ನಿದ್ರೆಗೆ ಮಾತ್ರ ಎಂದು ಹೇಳಿಕೊಡುವ ಚಿಕಿತ್ಸೆಯೇ ಮೊಬೈಲನ್ನು ದಿಂಬಿನ ಪಕ್ಕಕ್ಕೆ ತಂದಿಡುತ್ತದೆ. ಅದಕ್ಕೆ ಫೋನ್ ಚಾರ್ಜಿಗೆ ಇಡುವುದು ಹಾಲ್‌ನಲ್ಲಿ, ಅಲಾರಂಗೆ ಹಳೆಯ ಟೈಂಪೀಸ್ ಎಂಬ ಕರಾರು ಮೊದಲ ದಿನವೇ ಆಗಬೇಕು. ಮೂರನೆಯದು ಕೈಗಡಿಯಾರದ ಲೆಕ್ಕ. ಅಲುಗಾಡದೆ ಮಲಗಿದ್ದನ್ನೂ ಅದು ಎಷ್ಟೋ ಸಲ ನಿದ್ರೆ ಎಂದೇ ಎಣಿಸುತ್ತದೆ; ಡೈರಿ ಐದು ಗಂಟೆ ಎಂದರೆ ವಾಚು ಆರೂವರೆ ಎನ್ನುತ್ತದೆ, ಮುಂದಿನ ಸೆಷನ್ ಪೂರ್ತಿ ಆ ಜಗಳ ಬಿಡಿಸುವುದರಲ್ಲೇ ಮುಗಿಯುತ್ತದೆ.

ಈ ಮೂರಕ್ಕಿಂತ ದೊಡ್ಡದು ನಾಲ್ಕನೆಯದು. ಎದುರಿಗಿರುವವರಿಗೆ ಬೈಪೋಲಾರ್ ಕಾಯಿಲೆ ಇದೆಯೇ, ಮೂರ್ಛೆರೋಗ ಇದೆಯೇ, ಅವರು ರಾತ್ರಿ ಪಾಳಿಯ ಲಾರಿ ಚಾಲಕರೇ ಎಂಬುದು ಆ್ಯಪ್‌ಗೆ ತಿಳಿಯದು, ಅಥವಾ ಕೇಳಿದರೂ ಒಂದು ಟಿಕ್ ಗುರುತಿನಲ್ಲಿ ಮುಗಿಸುತ್ತದೆ. ನಿದ್ರೆ ಕಡಿತದಿಂದ ಉನ್ಮಾದ ಕೆರಳಬಹುದು, ಮೂರ್ಛೆ ಮರುಕಳಿಸಬಹುದು, ಚಾಲಕ ಸ್ಟೀರಿಂಗ್ ಮೇಲೆ ತೂಕಡಿಸಬಹುದು. ಆ 15 ನಿಮಿಷದ ನಿರ್ಧಾರವನ್ನು ಆ್ಯಪ್‌ಗೆ ಬಿಟ್ಟುಕೊಡಲು ಚಿಕಿತ್ಸಕರು ಹಿಂಜರಿಯುವುದು ಈ ಕಾರಣಕ್ಕೆ.

ಉಸಿರಾಟದ ವ್ಯಾಯಾಮ ತಡೆಗೋಡೆಯಾದಾಗ

ನಿದ್ರೆಯಲ್ಲಿ ಸಿಕ್ಕ ಒಮ್ಮತ ಆತಂಕದ ಕಾಯಿಲೆಗಳಿಗೆ ಬಂದಾಗ ಒಡೆಯುತ್ತದೆ. ಇದ್ದಕ್ಕಿದ್ದಂತೆ ತೀವ್ರ ಭಯ ಮುತ್ತುವ ಪ್ಯಾನಿಕ್ ಬರುವವರಿಗೆ ಮಾರುಕಟ್ಟೆಯ ಆ್ಯಪ್‌ಗಳು ಮೊದಲು ಕೊಡುವುದು ಉಸಿರಾಟದ ವ್ಯಾಯಾಮ: ಪರದೆಯ ಮೇಲೆ ಒಂದು ವೃತ್ತ ಹಿಗ್ಗುತ್ತದೆ, ಕುಗ್ಗುತ್ತದೆ, ಅದರ ಜೊತೆ ಉಸಿರೆಳೆದು ಬಿಡಬೇಕು. ಹಿತವೇನೋ ಹೌದು. ಆದರೆ ಚಿಕಿತ್ಸೆಯ ಗುರಿ ಬೇರೆ.

ಮೆಜೆಸ್ಟಿಕ್‌ನಿಂದ ತುಂಬಿದ ಬಸ್ಸಿನಲ್ಲಿ ಹೋಗಲು ಹೆದರುವ ಯುವತಿಗೆ ಚಿಕಿತ್ಸಕರು ಕೊಡುವ ಅಭ್ಯಾಸ, ಬಸ್ಸು ಹತ್ತಿ, ಎದೆ ಹೊಡೆದುಕೊಂಡರೂ ಇಳಿಯದೆ ಕೂತು, ಆತಂಕವನ್ನು 0ಯಿಂದ 100ರ ಅಳತೆಯಲ್ಲಿ ಗುರುತಿಸುವುದು. 80ಕ್ಕೆ ಏರಿದ್ದು ತಾನಾಗಿ 40ಕ್ಕೆ ಇಳಿಯಬಹುದು, ಇಳಿಯದಿದ್ದರೂ ಭಯಪಟ್ಟ ಅನಾಹುತ ಆಗುವುದಿಲ್ಲ ಎಂಬುದು ದೇಹಕ್ಕೆ ಗೊತ್ತಾಗಬೇಕು. ಅವಳು ಇಯರ್‌ಫೋನ್ ಹಾಕಿ ಉಸಿರಾಟದ ಆ್ಯಪ್ ತೆರೆದು ಕೂತರೆ ಬಸ್ಸಿನ ಪ್ರಯಾಣವೇನೋ ಮುಗಿಯುತ್ತದೆ. ಕಲಿತ ಪಾಠ ಮಾತ್ರ 'ಆ್ಯಪ್ ಇತ್ತು, ಬಚಾವಾದೆ' ಎಂದು. ಮುಂದಿನ ವಾರ ಬ್ಯಾಟರಿ ಶೇ 10ಕ್ಕೆ ಇಳಿದರೆ ಅದೇ ಹೊಸ ಪ್ಯಾನಿಕ್‌ಗೆ ಕಾರಣ. ಮೊದಲು ನೀರಿನ ಬಾಟಲಿ, ಬ್ಯಾಗಿನೊಳಗೊಂದು ಮಾತ್ರೆ ಇಟ್ಟುಕೊಂಡು ಓಡಾಡುತ್ತಿದ್ದವರ ಕೈಗೆ ಈಗ ಮೊಬೈಲ್ ಬಂದಿದೆ, ಅಷ್ಟೆ. ಇಂಥದ್ದಕ್ಕೆ ಚಿಕಿತ್ಸಕರು ಸುರಕ್ಷತಾ ವರ್ತನೆ ಎನ್ನುತ್ತಾರೆ, ಅದನ್ನು ಬಿಡಿಸುವುದೇ ಚಿಕಿತ್ಸೆಯ ಅರ್ಧ ಕೆಲಸ.

ಹಾಗಾಗಿ ಇದೇ ಚಿಕಿತ್ಸಕರು ಆ್ಯಪ್‌ನ ಅಂಕಿ ಬರೆಯುವ ಪುಟವನ್ನು ಇಟ್ಟುಕೊಂಡು ಸಮಾಧಾನ ಮಾಡುವ ಪುಟವನ್ನು ಬಳಸಬೇಡಿ ಎನ್ನುತ್ತಾರೆ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು.

ಒಸಿಡಿ ಎಂಬ ಗೀಳಿನ ಕಾಯಿಲೆ ಇರುವವರಲ್ಲಿ ತೊಡಕು ಇನ್ನೊಂದು ಬಗೆಯದು. ದಿನಕ್ಕೊಮ್ಮೆ ತುಂಬಿ ಎಂದದ್ದನ್ನು ದಿನಕ್ಕೆ ಇಪ್ಪತ್ತು ಸಲ ತೆರೆದು 'ಸರಿಯಾಗಿ ತುಂಬಿದೆನೇ' ಎಂದು ನೋಡುವುದೇ ಹೊಸ ಗೀಳಾಗುತ್ತದೆ. ಖಿನ್ನತೆಯವರಿಗೆ ಕಾಟ ಕೊಡುವುದು ಮೂಡ್ ಗ್ರಾಫ್. ಹತ್ತು ದಿನ ಸತತ ಕೆಳಗಿಳಿದ ಗೆರೆಯನ್ನು ರಾತ್ರಿ ಒಬ್ಬರೇ ಕೂತು ನೋಡುವುದು ಮನಸ್ಸಿಗೆ ಒಳ್ಳೆಯದಲ್ಲ. ಅದೇ ಗೆರೆಯನ್ನು ಚಿಕಿತ್ಸಕರ ಮುಂದೆ ನೋಡಿದರೆ 'ಗುರುವಾರ ತಂಗಿ ಬಂದು ಹೋದಮೇಲೆ ಸ್ವಲ್ಪ ಮೇಲೆ ಬಂದಿದೆಯಲ್ಲ' ಎಂಬ ಮಾತು ಹುಟ್ಟಬಹುದು. ಗ್ರಾಫನ್ನು ಸೆಷನ್‌ನಲ್ಲಿ ಮಾತ್ರ ತೆರೆಯುವುದು ಎಂಬ ಸಣ್ಣ ಕರಾರಿನಿಂದ ಅರ್ಧ ತೊಂದರೆ ತಪ್ಪುತ್ತದೆ. ಹತ್ತು ದಿನ ತುಂಬದೆ ಬಿಟ್ಟವರಿಗೆ ಬರುವ 'ನೀವು ನಮ್ಮನ್ನು ಮರೆತಿರಾ?' ಎಂಬ ನೋಟಿಫಿಕೇಷನ್ ಬಗ್ಗೆ ಹೇಳುವುದೇ ಬೇಡ. ತಪ್ಪಿತಸ್ಥ ಭಾವನೆಯಲ್ಲಿ ಮುಳುಗಿದವರಿಗೆ ಇನ್ನೊಂದು ಸಾಲ ನೆನಪಿಸಿದ ಹಾಗೆ. ಅದನ್ನು ಆಫ್ ಮಾಡಿಸಿಯೇ ಶುರು ಮಾಡುವುದು ವಾಸಿ.

ಮಾನಸಿಕ ಆಘಾತಕ್ಕೆ ಕೊಡುವ ಚಿಕಿತ್ಸೆಯಲ್ಲಿ ಮಾತ್ರ ಫೋನು ತೀರ ಹಳೆಯ ಸಲಕರಣೆಯೊಂದರ ಜಾಗಕ್ಕೆ ಬಂದಿದೆ: ಟೇಪ್ ರೆಕಾರ್ಡರ್. ಆಘಾತದ ನೆನಪನ್ನು ಕಣ್ಣು ಮುಚ್ಚಿ ಬಾಯಿಬಿಟ್ಟು ಹೇಳಿಸಿ, ಆ ಧ್ವನಿಮುದ್ರಣವನ್ನು ಮನೆಯಲ್ಲಿ ದಿನವೂ ಕೇಳಿಸುವ ಪದ್ಧತಿಗೆ 2012ರ 'ಪಿಇ ಕೋಚ್' ಆ್ಯಪ್ ಹೇಳಿ ಮಾಡಿಸಿದಂತಿತ್ತು. ಮುದ್ರಣ, ಅಂಕಿ, ಹೋಮ್‌ವರ್ಕ್ ಎಲ್ಲ ಒಂದೇ ಕಡೆ. ಮನೆಮಂದಿಯೆಲ್ಲ ಮುಟ್ಟುವ ಫೋನಿನಲ್ಲಿ ಆ ಧ್ವನಿ ಇರಬಹುದೇ ಎಂಬ ಪ್ರಶ್ನೆಗೆ ಮಾತ್ರ ಉತ್ತರವನ್ನು ಚಿಕಿತ್ಸಕರೇ ಹುಡುಕಬೇಕು.

ಶನಿವಾರ ರಾತ್ರಿಯ ಒಂಬತ್ತನೆಯ ಪ್ರಶ್ನೆ

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 3, ಒಟ್ಟು 27. ಹತ್ತು ಮುಟ್ಟಿದರೆ ಗಮನ ಕೊಡಬೇಕು ಎಂಬುದು ರೂಢಿ. ಬಹಳಷ್ಟು ಆ್ಯಪ್‌ಗಳ ಒಳಗೆ ಇರುವುದು ಇದೇ. ಒಂಬತ್ತನೆಯ ಪ್ರಶ್ನೆ, ಸತ್ತರೆ ಚೆನ್ನಾಗಿತ್ತು ಎನ್ನುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು.

ಶನಿವಾರ ರಾತ್ರಿ 11.40ಕ್ಕೆ ಒಬ್ಬರು ಅದಕ್ಕೆ 3 ಒತ್ತಿದರು ಎನ್ನಿ. ಚಿಕಿತ್ಸಕರು ಅದನ್ನು ನೋಡುವುದು ಮಂಗಳವಾರ ಬೆಳಿಗ್ಗೆ. ರೋಗಿಯ ಮನಸ್ಸಿನಲ್ಲಿ 'ಮೇಡಂಗೆ ಗೊತ್ತಾಯಿತು' ಎಂಬ ಭರವಸೆ. ಮೇಡಂ ಮಗಳ ನಾಮಕರಣದಲ್ಲಿದ್ದಾರೆ. ಕಾಗದದ ಹಾಳೆಗೆ ಈ ಸಮಸ್ಯೆ ಇರಲಿಲ್ಲ, ಅದು ತಾನಾಗಿ ಎಲ್ಲಿಗೂ ಹೋಗುತ್ತಿರಲಿಲ್ಲ. ಆ್ಯಪ್ ಕಳಿಸಿದೆ ಎಂದಮೇಲೆ ಯಾರಿಗೋ ತಲುಪಿದೆ ಎಂಬ ನಂಬಿಕೆ ಹುಟ್ಟುತ್ತದೆ. ಚಿಕಿತ್ಸಕರ ಹಿಂಜರಿಕೆಯಲ್ಲಿ ಅತ್ಯಂತ ತೂಕದ್ದು ಇದು, ಮತ್ತು ಇದನ್ನು ತಂತ್ರಜ್ಞಾನದ ಭಯ ಎಂದು ತಳ್ಳಿಹಾಕುವುದು ಅನ್ಯಾಯ.

ಅನುಭವಿಗಳು ಕಂಡುಕೊಂಡ ದಾರಿ ಸರಳ. ಆ್ಯಪ್ ಶುರು ಮಾಡುವ ದಿನವೇ ಬಾಯಿಮಾತಿನಲ್ಲೂ ಬರಹದಲ್ಲೂ ಹೇಳುವುದು: 'ನೀವು ಬರೆಯುವುದನ್ನು ಯಾರೂ ಆ ಕ್ಷಣಕ್ಕೆ ನೋಡುತ್ತಿರುವುದಿಲ್ಲ. ನಾನು ನೋಡುವುದು ಸೆಷನ್‌ಗೆ ಮುಂಚೆ, ವಾರಕ್ಕೊಮ್ಮೆ.' ಜೊತೆಗೆ ಫೋನಿನಲ್ಲೇ ಸುರಕ್ಷತಾ ಯೋಜನೆ. ಇದಕ್ಕೆ ಆರು ಮೆಟ್ಟಿಲು: ಕೆಟ್ಟ ಹೊತ್ತು ಹತ್ತಿರ ಬರುವ ಸೂಚನೆಗಳು; ಒಬ್ಬರೇ ಮಾಡಬಹುದಾದ್ದು; ಮನಸ್ಸು ಬೇರೆಡೆ ಹೋಗುವಂಥ ಜನ, ಜಾಗ; ಬಾಯಿಬಿಟ್ಟು ಸಹಾಯ ಕೇಳಬಹುದಾದವರು; ವೃತ್ತಿಪರರ ಮತ್ತು ಸಹಾಯವಾಣಿಯ ಸಂಖ್ಯೆ; ಕೊನೆಗೆ, ಮನೆಯಲ್ಲಿರುವ ಅಪಾಯದ ವಸ್ತುಗಳನ್ನು ಕೈಗೆಟುಕದಂತೆ ಮಾಡುವುದು. ನಮ್ಮ ಹಳ್ಳಿಗಳಲ್ಲಿ ಈ ಆರನೆಯದರ ಅರ್ಥ ಬಹಳ ಸಲ ಕೀಟನಾಶಕದ ಡಬ್ಬಿಯ ಬೀಗದ ಕೈ ಬೇರೆಯವರ ಹತ್ತಿರ ಇರಬೇಕು ಎಂಬುದು. ಐದನೆಯದಕ್ಕೆ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್, ಹಗಲೂ ರಾತ್ರಿ, ಕನ್ನಡದಲ್ಲೂ ಸಿಗುತ್ತದೆ. ಕಾಗದದ ಮೇಲಿನ ಸುರಕ್ಷತಾ ಯೋಜನೆ ಬೀರುವಿನಲ್ಲಿ ಉಳಿಯುತ್ತದೆ, ಫೋನಿನದ್ದು ಕೈಯಲ್ಲೇ ಇರುತ್ತದೆ. ಆ್ಯಪ್‌ನಿಂದ ಆಗುವ ಉಪಕಾರಗಳಲ್ಲಿ ನಮ್ಮ ಮಟ್ಟಿಗೆ ಇದೇ ದೊಡ್ಡದು, ವಿಚಿತ್ರವೆಂದರೆ ಇದಕ್ಕೆ ಇಂಟರ್ನೆಟ್ಟೂ ಬೇಕಿಲ್ಲ.

ಇನ್ನು ಓದುವ ಸಮಯ. ವಾರಕ್ಕೆ 20 ಜನರನ್ನು ನೋಡುವ ಚಿಕಿತ್ಸಕರು ತಲೆಗೆ ಐದು ನಿಮಿಷದಂತೆ ಓದಿದರೂ 100 ನಿಮಿಷ. ಅಂದರೆ ಎರಡು ಸೆಷನ್ ಪುಕ್ಕಟೆ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2025ರ ಜನವರಿಯಿಂದ, ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಮಾನಸಿಕ ಆರೋಗ್ಯದ ಡಿಜಿಟಲ್ ಸಾಧನಗಳ ಜೊತೆ ಚಿಕಿತ್ಸಕರು ಕಳೆಯುವ ಸಮಯಕ್ಕೂ ತಿಂಗಳಿಗೆ 20 ನಿಮಿಷದ ಲೆಕ್ಕದಲ್ಲಿ ಹಣ ಕೊಡಲು ಪ್ರತ್ಯೇಕ ಬಿಲ್ಲಿಂಗ್ ಕೋಡ್ ತಂದಿದೆ. ಸಣ್ಣ ವಿಷಯದಂತೆ ಕಂಡರೂ ಓದುವುದು ಕೆಲಸ ಎಂದು ಒಂದು ಸರ್ಕಾರ ಒಪ್ಪಿಕೊಂಡಂತಾಯಿತು.

ಜರ್ಮನಿಯ ಚೀಟಿ, ಜರ್ಮನಿಯ ತಕರಾರು

ಆ್ಯಪನ್ನು ಔಷಧದಂತೆ ಚೀಟಿ ಬರೆದು ಕೊಡುವ ವ್ಯವಸ್ಥೆಯನ್ನು ದೇಶಮಟ್ಟದಲ್ಲಿ ಮೊದಲು ತಂದದ್ದು ಜರ್ಮನಿ. 2019ರ ಕೊನೆಯಲ್ಲಿ ಕಾನೂನು. 2020ರ ಅಕ್ಟೋಬರ್‌ನಲ್ಲಿ ಮೊದಲ ಆ್ಯಪ್‌ಗಳು ಪಟ್ಟಿಗೆ. ಅಲ್ಲಿ ಇದನ್ನು 'ಡಿಗಾ' ಎನ್ನುತ್ತಾರೆ. ವೈದ್ಯರು ಅಥವಾ ಮನೋಚಿಕಿತ್ಸಕರು ಚೀಟಿ ಬರೆಯುತ್ತಾರೆ, ವಿಮಾ ಸಂಸ್ಥೆ ಕೋಡ್ ಕಳಿಸುತ್ತದೆ, ಅದನ್ನು ಹಾಕಿದರೆ ಸಾಮಾನ್ಯವಾಗಿ 90 ದಿನ ಆ್ಯಪ್ ತೆರೆದಿರುತ್ತದೆ. ರೋಗಿಗೆ ಖರ್ಚಿಲ್ಲ. ಪಟ್ಟಿಯಲ್ಲಿ ಅತಿ ದೊಡ್ಡ ಗುಂಪು ಮಾನಸಿಕ ಆರೋಗ್ಯದ್ದೇ.

ಅಲ್ಲಿನ ಮನೋಚಿಕಿತ್ಸಕರ ಸಂಘಟನೆಗಳ ತಕರಾರು ಆ್ಯಪ್‌ಗಿಂತ ಹೆಚ್ಚಾಗಿ ವ್ಯವಸ್ಥೆಯ ಮೇಲೆ. ಪರಿಣಾಮದ ಪುರಾವೆ ಪೂರ್ತಿ ಸಿಗುವ ಮೊದಲೇ ಒಂದು ವರ್ಷ ತಾತ್ಕಾಲಿಕವಾಗಿ ಪಟ್ಟಿಗೆ ಸೇರಲು ಅವಕಾಶ ಇದೆ, ಆ ವರ್ಷವೂ ಹಣ ಸಂದಾಯವಾಗುತ್ತದೆ. ಔಷಧಕ್ಕೆ ಹೀಗೆ ಬಿಡುತ್ತೀರಾ ಎಂಬುದು ಅವರ ಪ್ರಶ್ನೆ. ಇನ್ನೊಂದು, ರೋಗನಿದಾನದ ದಾಖಲೆ ಇದ್ದರೆ ಚಿಕಿತ್ಸಕರ ಚೀಟಿಯಿಲ್ಲದೆ ವಿಮಾ ಸಂಸ್ಥೆಯೇ ನೇರವಾಗಿ ಕೋಡ್ ಕೊಡಬಹುದು. ಆರು ತಿಂಗಳ ಹಿಂದಿನ ನಿದಾನ ಇವತ್ತಿಗೂ ಸರಿಯೇ, ಈಗ ಆತ್ಮಹತ್ಯೆಯ ಅಪಾಯ ಇದೆಯೇ ಎಂದು ನೋಡುವವರು ಅಲ್ಲಿಲ್ಲ. ಮೂರನೆಯದು ಕಾಯುವ ಪಟ್ಟಿ. ಅಲ್ಲಿನ ಚಿಕಿತ್ಸಕರ ಮಂಡಳಿ 2018ರಲ್ಲಿ ಹೇಳಿದ ಪ್ರಕಾರ ಚಿಕಿತ್ಸೆ ಶುರುವಾಗಲು ಸರಾಸರಿ ಸುಮಾರು 20 ವಾರ ಕಾಯಬೇಕಿತ್ತು. ಆ ಕಂದಕಕ್ಕೆ ಆ್ಯಪನ್ನು ಸೇತುವೆಯಾಗಿ ಹಾಸಿದರೆ, ಚಿಕಿತ್ಸಕರ ಸಂಖ್ಯೆ ಹೆಚ್ಚಿಸುವ ಒತ್ತಡ ತಗ್ಗುತ್ತದೆ ಎಂಬ ಸಂಶಯ. ಈ ಸಂಶಯದಲ್ಲಿ ಸ್ವಾರ್ಥವೂ ಸ್ವಲ್ಪ ಇದೆ ಎನ್ನಬಹುದು. ಆದರೂ ತಪ್ಪು ಸಂಶಯವಲ್ಲ.

ಚಿಕಿತ್ಸಕರ ಜೊತೆ ಸೇರಿಸಿ ಬಳಸುವ ದೃಷ್ಟಿಯಿಂದ ಇನ್ನೊಂದು ಕೊರತೆಯೂ ಉಂಟು. ಆ ಪಟ್ಟಿಯಲ್ಲಿರುವ ಹೆಚ್ಚಿನ ಆ್ಯಪ್‌ಗಳು ರೋಗಿ ಒಬ್ಬರೇ ಮೊದಲಿಂದ ಕೊನೆಯವರೆಗೆ ಮುಗಿಸುವಂತೆ ಕಟ್ಟಿದವು. ಮೂರನೆಯ ವಾರಕ್ಕೆ ಆ್ಯಪ್ 'ನಕಾರಾತ್ಮಕ ಯೋಚನೆ'ಯ ಪಾಠ ತೆಗೆಯುತ್ತದೆ. ಚಿಕಿತ್ಸಕರು ಆ ಹೊತ್ತಿಗೆ ತಂದೆಯ ಸಾವಿನ ಬಗ್ಗೆ ಮಾತಾಡುತ್ತಿರುತ್ತಾರೆ. ಎರಡು ಮೇಷ್ಟ್ರು, ಎರಡು ಪಾಠ. ಪುಟಗಳನ್ನು ಚಿಕಿತ್ಸಕರೇ ಆರಿಸಿ, ಬೇಡದ್ದನ್ನು ಮುಚ್ಚಿಡಲು ಬರುವ ಆ್ಯಪ್‌ಗಳನ್ನು ಅವರು ಇಷ್ಟಪಡುವುದು ಇದಕ್ಕೇ.

ಒಂಟಿಯಾಗಿ ಬಿಟ್ಟರೆ ಆ್ಯಪ್‌ಗಳ ಗತಿ ಏನು ಎಂಬುದಕ್ಕೂ ಲೆಕ್ಕ ಇದೆ. 10 ಸಾವಿರಕ್ಕಿಂತ ಹೆಚ್ಚು ಡೌನ್‌ಲೋಡ್ ಇದ್ದ 93 ಮಾನಸಿಕ ಆರೋಗ್ಯದ ಆ್ಯಪ್‌ಗಳ ಬಳಕೆಯನ್ನು ನೋಡಿದ 2019ರ ಒಂದು ಅಧ್ಯಯನದಲ್ಲಿ, ಹಾಕಿಕೊಂಡ 15 ದಿನದ ಮೇಲೂ ಬಳಸುತ್ತಿದ್ದವರ ಮಧ್ಯಕ ಪ್ರಮಾಣ ಶೇ 3.9. ತಿಂಗಳಿಗೆ ಅದು ಶೇ 3.3. ನೂರರಲ್ಲಿ ಮೂರೋ ನಾಲ್ಕೋ ಜನ. ಮನುಷ್ಯರೊಬ್ಬರು ಬೆನ್ನಿಗಿದ್ದರೆ ಫಲ ಹೆಚ್ಚು ಎಂಬುದು ಡಿಜಿಟಲ್ ಚಿಕಿತ್ಸೆಯ ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಂಡಿದೆ.

'ಬೇಜಾರು' ಎಂದರೆ ಯಾವ ಬಟನ್?

ಕರ್ನಾಟಕಕ್ಕೆ ಬಂದರೆ ಚಿತ್ರ ಒಂದು ರೀತಿಯಲ್ಲಿ ತಲೆಕೆಳಗು. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರುವವರಿಗೆ ವಾರವಾರ ಸೆಷನ್ ಎಂಬುದು ಕನಸು. ತಿಂಗಳಿಗೊಮ್ಮೆ ಆದರೆ ಪುಣ್ಯ. ಎರಡು ಭೇಟಿಗಳ ನಡುವಿನ ಹೊಳೆ ಜರ್ಮನಿಯದಕ್ಕಿಂತ ನಾಲ್ಕು ಪಟ್ಟು ಅಗಲ. ಹಾಗಾಗಿ ನಡುವೆ ಹಿಡಿದುಕೊಳ್ಳಲು ಏನಾದರೂ ಬೇಕಾದದ್ದು ನಮಗೇ ಹೆಚ್ಚು. ನಿಮ್ಹಾನ್ಸ್‌ನ ತಜ್ಞರು ಬೆಂಗಳೂರಿನ ಐಐಐಟಿಯ ಜೊತೆ ಸೇರಿ ಖಿನ್ನತೆಗೆಂದು 'ಪುಶ್-ಡಿ' ಎಂಬ ಸ್ವಸಹಾಯ ಆ್ಯಪ್ ಕಟ್ಟಿದ್ದರ ಹಿಂದೆ ಈ ಕೊರತೆಯ ಅರಿವಿದೆ.

ಅಡ್ಡಿ ಬರುವುದು ಭಾಷೆಯಲ್ಲಿ. ಇಂಗ್ಲಿಷಿನಿಂದ ತಂದ ಭಾವನೆಗಳ ಪಟ್ಟಿಯಲ್ಲಿ 'ದುಃಖಿತ', 'ಆತಂಕಿತ', 'ನಿರುತ್ಸಾಹಿ' ಎಂದೆಲ್ಲ ಬಟನ್ ಇರುತ್ತವೆ. ಕನ್ನಡದವರು ಹೇಳುವುದು 'ಬೇಜಾರು'. ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು, ಗಂಡ ಮಾತು ಬಿಟ್ಟರೂ ಬೇಜಾರು, ಬದುಕೇ ಬೇಡ ಅನ್ನಿಸಿದರೂ ಬೇಜಾರು. ಎದುರಿಗೆ ಕೂತವರು 'ಯಾವ ಥರ ಬೇಜಾರು?' ಎಂದು ಕೇಳಬಲ್ಲರು, ಬಟನ್ ಕೇಳುವುದಿಲ್ಲ. ಇನ್ನು ಬಹಳ ಜನ ಮನಸ್ಸಿನ ಮಾತನ್ನು ಮೈಮೇಲೆ ಹೇಳುತ್ತಾರೆ: ಎದೆ ಢವಢವ, ತಲೆ ಭಾರ, ಕೈಕಾಲು ತಣ್ಣಗೆ, ಹೊಟ್ಟೆಯಲ್ಲಿ ಸಂಕಟ. ಇವಕ್ಕೆ ಮೂಡ್ ಪಟ್ಟಿಯಲ್ಲಿ ಜಾಗವೇ ಇಲ್ಲ. ಪಟ್ಟಿಯನ್ನು ಬದಿಗಿಟ್ಟು, ಮೊದಲ ಸೆಷನ್‌ನಲ್ಲಿ ರೋಗಿ ಬಳಸಿದ ಐದಾರು ಪದಗಳನ್ನೇ ಆ್ಯಪ್‌ಗೆ ಸೇರಿಸಿಕೊಳ್ಳಲು ಬರುವಂತಿದ್ದರೆ ಒಳ್ಳೆಯದು. ಬರದಿದ್ದರೆ 30 ಸೆಕೆಂಡಿನ ಧ್ವನಿಮುದ್ರಣ ಸಾಕು. ಕನ್ನಡ ಟೈಪಿಂಗ್ ಒಗ್ಗದವರಿಗೆ, ಓದುಬರಹ ಕಡಿಮೆ ಇರುವವರಿಗೆ ಇದೇ ಸಲೀಸು.

ಎಷ್ಟೋ ಕ್ಲಿನಿಕ್‌ಗಳಲ್ಲಿ ನಿಜವಾಗಿ ಓಡುವ 'ಆ್ಯಪ್' ವಾಟ್ಸ್ಆ್ಯಪ್. ನೋಟ್‌ಬುಕ್ಕಿನ ಪುಟದ ಫೋಟೊ ತೆಗೆದು ಕಳಿಸುತ್ತಾರೆ. ತರಬೇತಿ ಬೇಡ, ಹೊಸ ಪಾಸ್‌ವರ್ಡ್ ಬೇಡ. ಆದರೆ ಅದೇ ಫೋಟೊ ಗ್ಯಾಲರಿಯಲ್ಲೂ ಕೂರುತ್ತದೆ, ಬ್ಯಾಕಪ್‌ಗೂ ಹೋಗುತ್ತದೆ, ಮಗ ಗೇಮ್ ಆಡಲು ಫೋನ್ ತೆಗೆದರೆ ಕಣ್ಣಿಗೂ ಬೀಳುತ್ತದೆ. ಜೊತೆಗೆ ನೀಲಿ ಟಿಕ್. ಓದಿ ಉತ್ತರಿಸದಿದ್ದರೆ ಚಿಕಿತ್ಸಕರು ಮುನಿಸಿಕೊಂಡಿದ್ದಾರೆ ಎಂಬ ಅರ್ಥ.

ನಮ್ಮಲ್ಲಿ ಫೋನ್ ಒಬ್ಬರ ಸೊತ್ತಲ್ಲ. ಗಂಡನಿಗೆ ಪಿನ್ ಗೊತ್ತು, ಅತ್ತೆ ಕರೆ ಎತ್ತುತ್ತಾರೆ. 'ಇವತ್ತು ನಿಮ್ಮ ಆತಂಕ ಎಷ್ಟು?' ಎಂಬ ಸಾಲು ಲಾಕ್ ಆದ ಪರದೆಯ ಮೇಲೆ ಮಿಂಚಿದರೆ ಮನೆಯಲ್ಲಿ ಅಂದಿನ ಆತಂಕ ಎಷ್ಟಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. 'ಫೋನ್ ನಿಮ್ಮೊಬ್ಬರದ್ದೇನಾ?' ಎಂಬುದು ಆ್ಯಪ್ ಹೆಸರು ಹೇಳುವ ಮೊದಲು ಕೇಳಬೇಕಾದ ಪ್ರಶ್ನೆ. ಅಲ್ಲ ಎಂದರೆ ಹಳೆಯ ನೋಟ್‌ಬುಕ್ಕೇ ಕ್ಷೇಮ.

ಸೋರಿದರೆ

ಫಿನ್‌ಲೆಂಡಿನಲ್ಲಿ 2020ರ ಅಕ್ಟೋಬರ್‌ನಲ್ಲಿ ನಡೆದದ್ದನ್ನು ಯುರೋಪಿನ ಚಿಕಿತ್ಸಕರು ಮರೆತಿಲ್ಲ. ವಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯ ಸುಮಾರು 33 ಸಾವಿರ ರೋಗಿಗಳ ದಾಖಲೆಗಳು ಕಳ್ಳರ ಕೈಸೇರಿದ್ದವು; ಸಂಸ್ಥೆಯನ್ನಷ್ಟೇ ಅಲ್ಲದೆ ರೋಗಿಗಳನ್ನೇ ಒಬ್ಬೊಬ್ಬರಾಗಿ ಬೆದರಿಸಿ ಹಣ ಕೇಳಿದರು. ಸೆಷನ್‌ನಲ್ಲಿ ಹೇಳಿದ್ದ ಮಾತೇ ಬೆದರಿಕೆಯ ಬಂಡವಾಳ. ಅಮೆರಿಕದಲ್ಲಿ 2023ರಲ್ಲಿ ಆನ್‌ಲೈನ್ ಕೌನ್ಸೆಲಿಂಗ್ ಕಂಪನಿ ಬೆಟರ್‌ಹೆಲ್ಪ್, ಬಳಕೆದಾರರ ಆರೋಗ್ಯ ಮಾಹಿತಿಯನ್ನು ಜಾಹೀರಾತಿಗಾಗಿ ಹಂಚಿಕೊಂಡ ಆರೋಪದ ಮೇಲೆ 78 ಲಕ್ಷ ಡಾಲರ್ ಕೊಡಲು ಒಪ್ಪಿತು.

ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯ ಹಕ್ಕನ್ನು ಡಿಜಿಟಲ್ ರೂಪದ ಮಾಹಿತಿಗೂ ಸ್ಪಷ್ಟವಾಗಿ ಅನ್ವಯಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಯಲ್ಲೋ ಓದುವ ಆಯ್ಕೆ ಕೊಡಬೇಕು ಎಂದಿದೆ, ಅಂದರೆ ಕನ್ನಡದಲ್ಲೂ. ಚಿಕಿತ್ಸಕರು ಆ್ಯಪ್ ಆರಿಸುವಾಗ ಇದನ್ನು ನೋಡಬಹುದು: ಒಪ್ಪಿಗೆಯ ಪುಟ ರೋಗಿಗೆ ಅರ್ಥವಾಗುವ ಭಾಷೆಯಲ್ಲಿದೆಯೇ, ಬರೆದದ್ದು ಫೋನಿನಲ್ಲೇ ಉಳಿಯುತ್ತದೆಯೇ ಅಥವಾ ಸರ್ವರ್‌ಗೆ ಹೋಗುತ್ತದೆಯೇ, ಖಾತೆ ಇಲ್ಲದೆ ನಡೆಯುತ್ತದೆಯೇ. ಮಾನಸಿಕ ಆಘಾತಕ್ಕೆ ಒಳಗಾದವರಿಗೆಂದು 2011ರಲ್ಲಿ ಬಂದ 'ಪಿಟಿಎಸ್‌ಡಿ ಕೋಚ್' ಖಾತೆ ಕೇಳುವುದಿಲ್ಲ. ಇಷ್ಟು ವರ್ಷದ ಮೇಲೂ ಚಿಕಿತ್ಸಕರ ವಲಯದಲ್ಲಿ ಅದಕ್ಕಿರುವ ಮರ್ಯಾದೆಗೆ ಇದೂ ಒಂದು ಕಾರಣ ಎನ್ನಬೇಕು.

ಕಂಪನಿ ಬಾಗಿಲು ಹಾಕುವುದೂ ಉಂಟು. ತನ್ನ ಆ್ಯಪ್‌ಗಳಿಗೆ ಎಫ್‌ಡಿಎ ಒಪ್ಪಿಗೆ ಪಡೆದಿದ್ದ ಪೇರ್ ಥೆರಪ್ಯುಟಿಕ್ಸ್ 2023ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಮಾತಾಡುವ ಆ್ಯಪ್ ವೋಬಾಟ್ 2025ರ ಜೂನ್ 30ಕ್ಕೆ ನಿಂತಿತು. ನಡುದಾರಿಯಲ್ಲಿ ಆ್ಯಪ್ ಹೋದರೆ ಚಿಕಿತ್ಸೆ ನಿಲ್ಲಬಾರದು. ತಿಂಗಳಿಗೊಮ್ಮೆ ಮುಖ್ಯ ಪುಟಗಳ ಪಿಡಿಎಫ್ ತೆಗೆದು ರೋಗಿಯ ಫೈಲಿಗೆ ಸೇರಿಸುವುದು ಹಳೆಯ ಕಾಲದ ಗುಮಾಸ್ತರ ಬುದ್ಧಿಯಾದರೂ ಕೆಲಸಕ್ಕೆ ಬರುತ್ತದೆ.

ಸೆಷನ್‌ನ ಹತ್ತು ನಿಮಿಷ

ಆ್ಯಪ್ ಉಳಿಯುವುದೋ ಬೀಳುವುದೋ ಎಂಬುದು ಬಹುಪಾಲು ಎರಡನೆಯ ಸೆಷನ್‌ನ ಮೊದಲ ಹತ್ತು ನಿಮಿಷದಲ್ಲೇ ತೀರ್ಮಾನವಾಗುತ್ತದೆ. ರೋಗಿ ಏಳು ದಿನ ತುಂಬಿಕೊಂಡು ಬಂದಿದ್ದಾರೆ; ಚಿಕಿತ್ಸಕರು ಅದನ್ನು ತೆರೆಯದೆ 'ಹೇಗಿತ್ತು ವಾರ?' ಎಂದು ಕೇಳಿದರೆ ಮೂರನೆಯ ವಾರ ಯಾರೂ ತುಂಬುವುದಿಲ್ಲ. ತಾನು ಬರೆದದ್ದನ್ನು ಯಾರೋ ಓದಿದ್ದಾರೆ ಎಂಬುದೇ ಬರೆಸುವ ಶಕ್ತಿ. ಹಾಗಾಗಿ ಕ್ರಮ ಹೀಗಿರಲಿ: ಮೊದಲ ದಿನ ಆ್ಯಪನ್ನು ಕ್ಲಿನಿಕ್‌ನಲ್ಲೇ, ರೋಗಿಯ ಕೈಯಲ್ಲೇ ಹಾಕಿಸಿ, ಒಂದು ನಮೂದನ್ನು ಎದುರಿಗೇ ತುಂಬಿಸುವುದು, ನೋಟಿಫಿಕೇಷನ್ ಆಫ್ ಮಾಡಿಸಿ ಸಂಜೆಯ ಕಾಫಿಯ ಹೊತ್ತಿನಂತೆ ದಿನಕ್ಕೊಂದು ಹೊತ್ತು ಗೊತ್ತುಮಾಡುವುದು, ಒಂದೇ ಕೆಲಸ ಕೊಡುವುದು. ಮೂಡ್, ನಿದ್ರೆ, ಯೋಚನೆ, ಧ್ಯಾನ ಎಂದು ನಾಲ್ಕು ಕೊಟ್ಟರೆ ನಾಲ್ಕೂ ಆಗುವುದಿಲ್ಲ. ಮೂರು ವಾರ ಸತತ ತುಂಬದಿದ್ದರೆ ಬೈಯದೆ ಕಾಗದಕ್ಕೆ ಮರಳುವುದು. ತುಂಬದೇ ಇದ್ದದ್ದರ ಹಿಂದೆಯೂ ಒಂದು ಮಾತಿರುತ್ತದೆ. ಮನೋವಿಶ್ಲೇಷಣೆಯ ಕಡೆಯ ಚಿಕಿತ್ಸಕರು ಆ್ಯಪ್‌ಗಿಂತ ಹೆಚ್ಚು ಆಸಕ್ತಿಯಿಂದ ನೋಡುವುದು ಅದನ್ನೇ.

ಈಚೆಗೆ ಕೆಲವರು ಎಐ ಚಾಟ್‌ಬಾಟ್ ಜೊತೆಗಿನ ಮಾತುಕತೆಯ ಸ್ಕ್ರೀನ್‌ಶಾಟ್ ಹಿಡಿದು ಸೆಷನ್‌ಗೆ ಬರುತ್ತಾರೆ. ಅದು ಬೇರೆಯೇ ಕಥೆ: ಡೈರಿ ಬರೆಸಿಕೊಳ್ಳುತ್ತದೆ, ಚಾಟ್‌ಬಾಟ್ ಎದುರು ಮಾತಾಡುತ್ತದೆ. ಅಮೆರಿಕದ ಇಲಿನಾಯ್ ರಾಜ್ಯ 2025ರ ಆಗಸ್ಟ್‌ನಲ್ಲಿ ಎಐ ತಾನೇ ಚಿಕಿತ್ಸೆ ನೀಡುವುದನ್ನು ನಿಷೇಧಿಸಿ, ಕಚೇರಿ ಕೆಲಸಕ್ಕೆ ಅದನ್ನು ಬಳಸಲು ಬಿಟ್ಟಿದೆ. ಸ್ಕ್ರೀನ್‌ಶಾಟ್ ತಂದವರನ್ನು ಗದರಿಸುವುದರಿಂದ ಲಾಭವಿಲ್ಲ. ರಾತ್ರಿ ಎರಡಕ್ಕೆ ಅಲ್ಲಿ ಹೇಳಿಕೊಂಡದ್ದನ್ನು ಇಲ್ಲಿ ಹೇಳಲು ಏನು ತಡೆಯಿತು ಎಂದು ಕೇಳಿದರೆ ಸೆಷನ್‌ಗೆ ವಸ್ತು ಸಿಗುತ್ತದೆ.

ಕೊನೆಯ ಸೆಷನ್‌ನಲ್ಲಿ ಐದು ನಿಮಿಷವನ್ನು ಆ್ಯಪ್‌ಗೆಂದು ಎತ್ತಿಡಬೇಕು. ಉಪಯೋಗಕ್ಕೆ ಬಂದ ಪುಟಗಳನ್ನು ಪ್ರಿಂಟ್ ತೆಗೆದುಕೊಳ್ಳುವುದು, ಸುರಕ್ಷತಾ ಯೋಜನೆಯನ್ನು ಫೋನಿನ ನೋಟ್ಸ್‌ಗೆ ಬರೆದುಕೊಳ್ಳುವುದು, ಧ್ವನಿಮುದ್ರಣಗಳನ್ನು ಅಳಿಸುವುದು. ಆಮೇಲೆ ಖಾತೆ. ಫೋನಿನಿಂದ ಆ್ಯಪ್ ತೆಗೆದುಹಾಕಿದ ಮಾತ್ರಕ್ಕೆ ಸರ್ವರ್‌ನಲ್ಲಿರುವುದು ಹೋಗುವುದಿಲ್ಲ. ಖಾತೆ ಅಳಿಸುವ ಬಟನ್ ಸೆಟ್ಟಿಂಗ್ಸ್‌ನ ಒಳಗೆ ಎಲ್ಲೋ ಎರಡು ಮೂರು ಪದರದ ಕೆಳಗೆ ಇರುತ್ತದೆ, ಅದನ್ನು ಚಿಕಿತ್ಸಕರು ಮೊದಲೇ ಒಮ್ಮೆ ಹುಡುಕಿ ನೋಡಿಟ್ಟಿರಬೇಕು.